ಟೆನ್ಷನ್ ಆದ ತಕ್ಷಣ ಮೂತ್ರಕ್ಕೆ ಅವಸರ, ಇದು ಕಿಡ್ನಿ ತೊಂದರೆಯಾ?

ಪ್ರಶ್ನೆ: ನಮಸ್ಕಾರ ಡಾಕ್ಟರ್ ಮೇಡಂ. ನನಗೆ 34 ವರ್ಷ. ಬನಶಂಕರಿಯಿಂದ ಮಾರತ್ತಹಳ್ಳಿಗೆ ದಿನಾ ಬಸ್ಸಿನಲ್ಲಿ ಓಡಾಟ. ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ನಿಂತರೆ ಸಾಕು, ಮೀಟಿಂಗ್‌ಗೆ ಲೇಟಾಯಿತು ಅನ್ನುವ ಟೆನ್ಷನ್, ಹಿಂದೆಯೇ ಮೂತ್ರಕ್ಕೆ ಅವಸರ. ಮನೆಯಲ್ಲಿ ಹೋಗಿ ಬಂದಿದ್ದರೂ ಅಷ್ಟೇ. ಇಳಿದರೂ ಹೆಂಗಸರಿಗೆ ಅಲ್ಲೆಲ್ಲಿ ಜಾಗ? ಅದಕ್ಕೆ ಆಫೀಸ್ ಮುಟ್ಟುವ ತನಕ ನೀರೇ ಕುಡಿಯುತ್ತಿಲ್ಲ. ಸ್ಟ್ರೆಸ್ ಹಾರ್ಮೋನಿನಿಂದ ಕಿಡ್ನಿ ಜಾಸ್ತಿ ಮೂತ್ರ ಮಾಡುತ್ತದೆ ಅಂತ ಒಬ್ಬರು ಹೇಳಿದರು. ನಿಜವಾ? ಶುಗರ್ ನಾರ್ಮಲ್ ಇದೆ.

ಉತ್ತರ (ಕಿಡ್ನಿ ಡಾಕ್ಟರ್): ಅವರು ಹೇಳಿದ್ದು ಉಲ್ಟಾ. ಟೆನ್ಷನ್‌ನಲ್ಲಿ ದೇಹ ನೀರು, ಉಪ್ಪು ಉಳಿಸಿಕೊಳ್ಳುವ ಕಡೆಗೇ ವಾಲುತ್ತದೆ. ನಿಮ್ಮ ಅವಸರ ಹುಟ್ಟುವುದು ಕಿಡ್ನಿಯಲ್ಲಿ ಅಲ್ಲ, ಮೂತ್ರಕೋಶ ಮತ್ತು ಮಿದುಳಿನ ನಡುವೆ. ದೊಡ್ಡವರ ಮೂತ್ರಕೋಶ ಸುಮಾರು 400 ಮಿಲಿ ಹಿಡಿಯುತ್ತದೆ. ಆತಂಕವಾದಾಗ ಅದರ ಅರ್ಧ ತುಂಬಿರುವಾಗಲೇ ಮಿದುಳಿಗೆ ತುಂಬಿತು ಅನ್ನಿಸಿಬಿಡುತ್ತದೆ. ಮನೆ ಮೇಲಿನ ಟ್ಯಾಂಕ್ ಅಲಾರಂ ಕೆಟ್ಟು ಅರ್ಧಕ್ಕೇ ಕೂಗಿಕೊಂಡ ಹಾಗೆ. ಹೋದಾಗ ಸ್ವಲ್ಪವೇ ಬರುತ್ತದೆ, ಅಲ್ವಾ? ಅದೇ ಗುರುತು.

ಈಗ ಹಾರ್ಮೋನಿನ ಕಥೆ. ಟೆನ್ಷನ್ ಆದ ಕೆಲವೇ ಸೆಕೆಂಡಿನಲ್ಲಿ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಬರುತ್ತದೆ. ಈ ಗ್ರಂಥಿಗಳು ಕಿಡ್ನಿಗಳ ಮೇಲೆಯೇ ಕೂತಿವೆ, ಆದರೆ ಕೆಲಸ ಬೇರೆ. ಎದೆ ಡವಗುಟ್ಟುವುದು, ಕೈ ಬೆವರುವುದು ಈ ಹೊತ್ತಿನ ಲಕ್ಷಣ. ಇದರ ಹಿಂದೆ ನಿಧಾನಕ್ಕೆ ಬರುವುದು ಕಾರ್ಟಿಸಾಲ್. ಮಿದುಳಿನ ಹೈಪೋಥಲಾಮಸ್ ಅನ್ನುವ ಭಾಗ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳಬೇಕು, ಪಿಟ್ಯುಟರಿ ಎಸಿಟಿಎಚ್ ಅನ್ನುವ ಹಾರ್ಮೋನ್ ಬಿಟ್ಟು ಅಡ್ರಿನಲ್‌ಗೆ ಹೇಳಬೇಕು, ಆಮೇಲೆ ಅದು ಕಾರ್ಟಿಸಾಲ್ ಮಾಡಬೇಕು, ಹಾಗಾಗಿ ಅದು ಏರುವಷ್ಟರಲ್ಲಿ ನಿಮ್ಮ ಬಸ್ಸು ಪುಣ್ಯವಿದ್ದರೆ ಒಂದು ಸಿಗ್ನಲ್ ದಾಟಿರುತ್ತದೆ.

ಅದೇ ಹೊತ್ತಿಗೆ ನರಗಳು ಕಿಡ್ನಿಯನ್ನೂ ಎಬ್ಬಿಸುತ್ತವೆ. ಕಿಡ್ನಿ ರೆನಿನ್ ಅನ್ನುವ ಕಿಣ್ವ ಬಿಡುತ್ತದೆ, ಅದರಿಂದ ಕೊನೆಗೆ ಅಡ್ರಿನಲ್‌ನದ್ದೇ ಇನ್ನೊಂದು ಹಾರ್ಮೋನ್ ಆಲ್ಡೋಸ್ಟೆರಾನ್ ಜಾಸ್ತಿಯಾಗುತ್ತದೆ. ಆಲ್ಡೋಸ್ಟೆರಾನ್ ಸೋಡಿಯಂ ಹಿಡಿದಿಡುತ್ತದೆ, ಸೋಡಿಯಂ ಹಿಂದೆ ನೀರೂ ಉಳಿಯುತ್ತದೆ.

ನೀರಿನ ಮುಖ್ಯ ಲೆಕ್ಕ ಮಾತ್ರ ಎಡಿಎಚ್ ಅನ್ನುವ, ಮೂತ್ರ ತಗ್ಗಿಸುವ ಹಾರ್ಮೋನಿನದು. ಅದರ ಇನ್ನೊಂದು ಹೆಸರು ವಾಸೋಪ್ರೆಸಿನ್. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಹೊರಗೆ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ಉಳಿದದ್ದೆಲ್ಲ ವಾಪಸ್. ಬಹುಪಾಲು ಮೊದಲೇ ವಾಪಸಾಗಿರುತ್ತದೆ, ಕೊನೆಯ ಭಾಗ ಎಷ್ಟು ಉಳಿಯಬೇಕು ಅನ್ನುವುದನ್ನು ಎಡಿಎಚ್ ತೀರ್ಮಾನಿಸುತ್ತದೆ. ನೀರು ಕಡಿಮೆಯಾಗಿ ರಕ್ತ ಶೇ 1–2ರಷ್ಟು ಗಟ್ಟಿಯಾದರೂ ಸಾಕು, ಎಡಿಎಚ್ ಏರುತ್ತದೆ, ಕಿಡ್ನಿಯ ಕೊನೆಯ ಕೊಳವೆಗಳಲ್ಲಿ ಅಕ್ವಾಪೊರಿನ್ ಅನ್ನುವ ಪ್ರೋಟೀನಿನ ನೀರ್ದಾರಿಗಳು ತೆರೆಯುತ್ತವೆ. ಅಕ್ವಾಪೊರಿನ್ ಕಂಡುಹಿಡಿದ ಅಮೆರಿಕದ ವಿಜ್ಞಾನಿ ಪೀಟರ್ ಆಗ್ರೆಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ನೋವು, ವಾಕರಿಕೆ, ರಕ್ತಸ್ರಾವದಲ್ಲೂ ಎಡಿಎಚ್ ಜೋರಾಗಿ ಏರುತ್ತದೆ. ಬರೀ ಟ್ರಾಫಿಕ್ ಟೆನ್ಷನ್‌ಗೆ ಅಷ್ಟಿಲ್ಲ.

ನಿಮಗೆ ಮುಖ್ಯವಾದದ್ದು ಇಲ್ಲಿದೆ. ಪಿಟ್ಯುಟರಿಯಿಂದ ಎಸಿಟಿಎಚ್ ಹೊರಡಿಸುವುದಕ್ಕೂ ಇದೇ ವಾಸೋಪ್ರೆಸಿನ್ ಕೈಜೋಡಿಸುತ್ತದೆ. ನೀರಿನ ಲೆಕ್ಕ, ಸ್ಟ್ರೆಸ್‌ನ ಲೆಕ್ಕ ಎರಡಕ್ಕೂ ಒಂದೇ ಹಾರ್ಮೋನ್, ನೀರು ಬಿಟ್ಟರೆ ಏರುವುದೂ ಅದೇ. ನೀರು ಬಿಟ್ಟರೆ ಟೆನ್ಷನ್ ತಗ್ಗುತ್ತದೆ ಅನ್ನುವುದಕ್ಕಂತೂ ಆಧಾರವಿಲ್ಲ. ಮೇಲಾಗಿ ಗಟ್ಟಿ ಮೂತ್ರ ಮೂತ್ರಕೋಶವನ್ನು ಕೆರಳಿಸಬಹುದು. ಎದ್ದ ಕೂಡಲೇ ಒಂದು ಲೋಟ ನೀರು ಕುಡಿಯಿರಿ, ಹೊರಡುವ ಮುಂಚೆ ಹೋಗಿ ಬನ್ನಿ, ಫಿಲ್ಟರ್ ಕಾಫಿಯನ್ನು ಆಫೀಸ್ ಮುಟ್ಟಿದ ಮೇಲೆ ಇಟ್ಟುಕೊಳ್ಳಿ. ಕಾಫಿ ಬಿಡಿ ಅಂತ ಬೆಂಗಳೂರಿನವರಿಗೆ ಹೇಳುವ ಧೈರ್ಯ ನನಗಿಲ್ಲ.

ಇನ್ನೊಬ್ಬರು: ಮೇಡಂ, ಹಾಗಾದರೆ ಜಾಸ್ತಿ ಕುಡಿದಷ್ಟೂ ಒಳ್ಳೆಯದಾ? ನಮ್ಮ ಅತ್ತೆಗೆ 71. ಯಾರದ್ದೋ ಮಾತು ಕೇಳಿ ದಿನಕ್ಕೆ ಐದು ಲೀಟರ್ ಕುಡಿಯುತ್ತಾರೆ. ಬಿಪಿಗೆ ನೀರಿನ ಮಾತ್ರೆಯೂ (ಮೂತ್ರ ಜಾಸ್ತಿ ಮಾಡುವುದು) ಇದೆ. ಈಚೆಗೆ ಸ್ವಲ್ಪ ಮಂಕಾಗಿದ್ದಾರೆ.

ಉತ್ತರ: ನಾಳೆ ಅನ್ನಬೇಡಿ, ಇವತ್ತೇ ಅವರನ್ನು ಡಾಕ್ಟರಿಗೆ ತೋರಿಸಿ, ರಕ್ತದ ಸೋಡಿಯಂ ನೋಡಿಸಿ. ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ವಯಸ್ಸಾದವರಲ್ಲಿ ಕೆಲವು ನೀರಿನ ಮಾತ್ರೆಗಳ ಜೊತೆ ಅಷ್ಟು ನೀರು ಸೇರಿದರೆ ಸೋಡಿಯಂ ಇಳಿಯುತ್ತದೆ. ಮಂಕು, ವಾಕರಿಕೆ, ತಲೆನೋವು, ಕೊನೆಗೆ ಫಿಟ್ಸ್. ವಯಸ್ಸಾಯಿತು, ಮರೆವು ಬಂತು ಅಂತ ಮನೆಯವರು ಸುಮ್ನೆ ಬಿಡುವುದು ಇಂಥ ಕಡೆಯೇ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಪೂರ್ತಿ ಗೊಂದಲ, ಫಿಟ್ಸ್ ಕಂಡರೆ ನೇರ ಎಮರ್ಜೆನ್ಸಿಗೆ.

ಮತ್ತೊಬ್ಬರು: ಸ್ಟ್ರೆಸ್‌ಗೆ ಜ್ಯೇಷ್ಠಮಧು ಕಷಾಯ ಒಳ್ಳೆಯದು ಅಂತ ಗ್ರಂಧಿಗೆ ಅಂಗಡಿಯವರು ಕೊಟ್ಟರು. ದಿನಾ ಎರಡು ಸಲ ಕುಡಿಯುತ್ತಿದ್ದೇನೆ. ಬಿಪಿ ಇದೆ.

ಉತ್ತರ: ಬಿಪಿ ಇದೆ ಅಂದಮೇಲೆ ನಿಲ್ಲಿಸಿ. ರಕ್ತದಲ್ಲಿ ಕಾರ್ಟಿಸಾಲ್ ಆಲ್ಡೋಸ್ಟೆರಾನ್‌ಗಿಂತ ನೂರಾರು ಪಟ್ಟು ಜಾಸ್ತಿ ಇರುತ್ತದೆ, ಆಲ್ಡೋಸ್ಟೆರಾನ್ ಕೂರುವ ಜಾಗದಲ್ಲಿ ಅದೂ ಕೂರಬಲ್ಲದು. ಹಾಗೆ ಕೂರದಂತೆ ಕಿಡ್ನಿಯ ಒಂದು ಕಿಣ್ವ ಕಾರ್ಟಿಸಾಲನ್ನು ಅಲ್ಲೇ ನಿಷ್ಕ್ರಿಯ ಮಾಡುತ್ತದೆ. ಜ್ಯೇಷ್ಠಮಧು ಆ ಕಿಣ್ವವನ್ನೇ ತಡೆಯುತ್ತದೆ. ಆಗ ಕಾರ್ಟಿಸಾಲೇ ಆಲ್ಡೋಸ್ಟೆರಾನ್ ಕೆಲಸ ಶುರು ಮಾಡುತ್ತದೆ: ಉಪ್ಪು ನಿಲ್ಲುತ್ತದೆ, ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಗಂಟಲು ಕೆರೆತಕ್ಕೆ ಎಂದೋ ಒಂದು ತುಂಡು ಚೀಪಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ದಿನಾ ಕಷಾಯ ಬೇರೆ ಮಾತು. ಬಿಪಿ, ಪೊಟ್ಯಾಸಿಯಂ ಎರಡೂ ನೋಡಿಸಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ಹೌದು, ಸ್ವಲ್ಪವೇ ಬರುವುದು. ನಾನು ಏನಾದರೂ ಟೆಸ್ಟ್ ಮಾಡಿಸಬೇಕಾ?

ಉತ್ತರ: ಒಂದು ಸಾದಾ ಮೂತ್ರ ಪರೀಕ್ಷೆ ಸಾಕು, ಸೋಂಕು ಇದೆಯೋ ಇಲ್ಲವೋ ಅಂತ ಗೊತ್ತಾಗುತ್ತದೆ. ಉರಿ, ರಕ್ತ, ಜ್ವರ ಇದ್ದರೆ, ಅಥವಾ ರಜೆ ದಿನವೂ ಪದೇ ಪದೇ ತುಂಬಾ ಮೂತ್ರ ಹೋಗಿ ರಾತ್ರಿ ಬಾಯಾರಿ ಎಚ್ಚರವಾಗುತ್ತಿದ್ದರೆ ಬಂದು ತೋರಿಸಿ. ಅದು ಬೇರೆ ಕಾಯಿಲೆ ಇರಬಹುದು.