ಅಪ್‌ಡೇಟ್: ಜಗುಲಿ ಸ್ಪೀಕರ್ ಹಾಕಿದರೆ ರಿಸೀವರ್ ಆಫ್ ಆಗುತ್ತಿದ್ದದ್ದು

ಹೋದ ವಾರ ಕೇಳಿದ್ದೆನಲ್ಲ, ಮಡಿಕೇರಿ ಮನೆಯಲ್ಲಿ ಹಾಲ್, ಜಗುಲಿ ಎರಡೂ ಕಡೆ ಸ್ಪೀಕರ್ ಹಾಕಿ ವಾಲ್ಯೂಮ್ ಏರಿಸಿದರೆ ರಿಸೀವರ್ (ಸ್ಪೀಕರ್‌ಗಳನ್ನು ನಡೆಸೋ ಆಂಪ್ಲಿಫೈಯರ್ ಪೆಟ್ಟಿಗೆ) ಪಟ್ ಅಂತ ಆಫ್ ಆಗುತ್ತೆ ಅಂತ. ಸರಿಹೋಯಿತು.

ಓಮ್ ಲೆಕ್ಕ ನೋಡಿ ಅಂದವರೇ ಗೆದ್ದರು. ಓಮ್ ಅಂದರೆ ಕರೆಂಟಿಗೆ ಇರೋ ತಡೆಯ ಅಳತೆ; ಸ್ಪೀಕರ್ ಕಡೆಯ ಓಮ್ ಇಳಿದಷ್ಟೂ ರಿಸೀವರ್ ಮೇಲೆ ಭಾರ ಜಾಸ್ತಿ. ಎರಡೂ ಜೋಡಿ 8 ಓಮ್. ಒಟ್ಟಿಗೆ ಹಾಕಿದರೆ ರಿಸೀವರ್‌ಗೆ ಬೀಳುವುದು 4 ಓಮ್ ಲೋಡ್. ಹಿಂಬದಿಯಲ್ಲಿ ಕನಿಷ್ಠ 6 ಅಂತ ಬರೆದೇ ಇತ್ತು, ಟಾರ್ಚ್ ಹಿಡಿದು ಈಗ ಓದಿದೆ! ಸದ್ಯ ಒಂದು ಸಲಕ್ಕೆ ಒಂದೇ ಜೋಡಿ.

ಜಾಸ್ತಿ ವಾಟ್‌ನ ರಿಸೀವರ್ ತಗೊಳ್ಳಿ ಅನ್ನೋ ಸಲಹೆ ನಡೆಯಲಿಲ್ಲ. ಗೆಳೆಯನ 100 ವಾಟ್‌ನದ್ದು ತಂದು ನೋಡಿದೆ, ಅದೂ ಆಫ್. ವಾಟ್ ಎರಡು ಪಟ್ಟಾದರೂ ಸದ್ದು ಏರುವುದು 3 ಡೆಸಿಬಲ್ ಅಷ್ಟೇ.

ಜಗುಲಿಯ ಸದ್ದು ಸಪ್ಪೆಯಾಗಿದ್ದದ್ದು ಬೇರೆ ಕತೆ. ದೂರ 12 ಮೀಟರ್, ಹೋಗಿಬರೋ ತಂತಿ 24. ನನ್ನ 0.5 ಚದರ ಮಿ.ಮೀ. ತೆಳು ವೈರಿಗೇ ಸುಮಾರು 0.85 ಓಮ್ ತಡೆ. 2.5ರ ದಪ್ಪ ವೈರ್ ಎಳೆದೆ, 0.2ಕ್ಕಿಂತ ಕೆಳಗೆ ಬಂತು. ಹಳೇ ವೈರ್ ಬಿಚ್ಚಿದಾಗ ತುದಿಯ ತಾಮ್ರವೆಲ್ಲ ಹಸಿರು. ನಮ್ಮ ಮಳೆಗಾಲದ ಥಂಡಿ, ಇನ್ನೇನು! ಹಾಲ್‌ನ ವೈರಿನ ತುದಿಯನ್ನೂ ಒಂದಿಂಚು ಕತ್ತರಿಸಿ ಹೊಸದಾಗಿ ಸುಲಿದು ಸಿಕ್ಕಿಸಿದೆ. ಈಗ ಹೆಂಚಿನ ಮೇಲೆ ಮಳೆ ಬಡಿಯುತ್ತಿದ್ದರೂ ಜಗುಲಿಯಲ್ಲಿ ಹಾಡು ಕೇಳುತ್ತೆ.