ಕೆಸರೋ, ಗಸಿಯೋ, ಬಗ್ಗಡವೋ?

ಗೆಳೆಯರೇ,

ಚರಂಡಿ ನೀರು ಶುದ್ಧೀಕರಿಸುವ ಘಟಕ ನೋಡಲು ಬರುವ ಶಾಲಾ ಮಕ್ಕಳಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. 'ಸ್ಲಡ್ಜ್', ಅಂದರೆ ಚರಂಡಿ ನೀರಿನಿಂದ ಬೇರ್ಪಟ್ಟು ತಳದಲ್ಲಿ ಕೂರುವ ರಾಡಿ, ಅದಕ್ಕೆ ಕನ್ನಡ ಪದ ಹುಡುಕುತ್ತಾ ನಿಂತುಬಿಟ್ಟಿದ್ದೇನೆ.

'ಕೆಸರು' ಅಂದರೆ ಮಳೆಗಾಲದ ರಸ್ತೆ ನೆನಪಾಗುತ್ತದೆ. 'ಹೂಳು' ಅಂತೂ ಇಲ್ಲಿ ಖಂಡಿತ ಸಲ್ಲದು. ಕೆರೆಯ ಹೂಳು ಬಹುಪಾಲು ಮಣ್ಣು. ಸ್ಲಡ್ಜ್ ಹಾಗಲ್ಲ. ಮೊದಲ ತೊಟ್ಟಿಯ ತಳದಲ್ಲಿ ಕೂರುವ ಮಲ, ಅನ್ನದ ಅಗುಳು ಅದರ ಒಂದು ಪಾಲು. ಆಮೇಲಿನ ತೊಟ್ಟಿಯಲ್ಲಿ ಗಾಳಿ ಊದಿ ಬೆಳೆಸಿದ ಸೂಕ್ಷ್ಮಜೀವಿಗಳ ರಾಶಿ ಇನ್ನೊಂದು ಪಾಲು. ಇವನ್ನು ಗಾಳಿಯಾಡದಂತೆ ಮುಚ್ಚಿದ ತೊಟ್ಟಿಯಲ್ಲಿ, ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಎರಡು ಮೂರು ವಾರ ಇಟ್ಟರೆ ಉರಿಯುವ ಅನಿಲ ಸಿಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್. ಬರೀ ಮಣ್ಣಿನಿಂದ ಇದು ಆಗುವುದಿಲ್ಲ, ಅಲ್ವಾ?

ನನ್ನ ಮನಸ್ಸು 'ಗಸಿ'ಯ ಕಡೆಗಿದೆ. ತುಪ್ಪ ಕಾಸಿದಾಗ ತಳದಲ್ಲಿ ಉಳಿಯುವುದು ಗಸಿ. ತಿಳಿ ಮೇಲೆ, ಗಸಿ ಕೆಳಗೆ. ಘಟಕದಲ್ಲಿ ಆಗುವುದೂ ಅದೇ. ಆದರೆ ಮಂಗಳೂರು, ಉಡುಪಿ ಕಡೆ ಗಸಿ ಅಂದರೆ ತೆಂಗಿನಕಾಯಿ ಅರೆದು ಮಾಡುವ ಗಟ್ಟಿ ಸಾರು. ಕಡಲೆ ಗಸಿ, ಕೋಳಿ ಗಸಿ ಉಂಡು ಬೆಳೆದ ಮಗುವಿಗೆ 'ಚರಂಡಿ ಗಸಿ' ಅಂತ ಹೇಳಲು ನನಗೆ ಮನಸ್ಸು ಬರುತ್ತಿಲ್ಲ. 'ಮಡ್ಡಿ' ಆಗಬಹುದೇ? ಎಣ್ಣೆಯ ಮಡ್ಡಿ ಎಲ್ಲ ಕಡೆಯೂ ಗೊತ್ತು.

ಅನಿಲ ಕೊಟ್ಟ ಮೇಲೆ ಉಳಿಯುವುದಕ್ಕೆ 'ಬಗ್ಗಡ' ಇದ್ದೇ ಇದೆ. ಗೋಬರ್ ಗ್ಯಾಸ್ ಇಟ್ಟುಕೊಂಡ ರೈತರಿಗೆ ಅದು ಹೊಸದಲ್ಲ. ಹಾಗಾಗಿ ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಬೇರೆ ಬೇರೆ ಪದ ಇದ್ದರೆ ಒಳ್ಳೆಯದು.

ಇನ್ನೊಂದು. ಮುಚ್ಚಿದ ತೊಟ್ಟಿಯಲ್ಲಿ ಅನಿಲವಾಗುವ ಈ ಕೆಲಸಕ್ಕೆ 'ಆಮ್ಲಜನಕರಹಿತ ಜೀರ್ಣಕ್ರಿಯೆ' ಎಂಬ ಹೆಸರು ಮಕ್ಕಳ ಬಾಯಿಗೆ ಭಾರ. ಸುಮ್ನೆ 'ಕೊಳೆಸುವುದು' ಅಂದರೆ ಅಲ್ಲಿನ ಕೆಲಸದ ಸಾಲು ಕಾಣುವುದಿಲ್ಲ. ಸೂಕ್ಷ್ಮಜೀವಿಗಳ ಒಂದು ಗುಂಪು ಜಿಡ್ಡು, ಪಿಷ್ಟಗಳನ್ನು ಒಡೆಯುತ್ತದೆ. ಮುಂದಿನವು ಅದನ್ನು ಹುಳಿ ಮಾಡುತ್ತವೆ. ಆ ಹುಳಿಯಿಂದ ಕೊನೆಯವು ಮೀಥೇನ್ ಮಾಡುತ್ತವೆ. (ಈ ಕೊನೆಯವು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಬಗೆಯ ಸೂಕ್ಷ್ಮಜೀವಿಗಳು. ದಯವಿಟ್ಟು ಎರಡನ್ನೂ ಒಂದೇ ಮಾಡಬೇಡಿ.) ನಾನು 'ಗಾಳಿಯಿಲ್ಲದೆ ಅರಗಿಸುವುದು' ಎಂದು ಬರೆದಿದ್ದೇನೆ, ತೊಟ್ಟಿಗೆ 'ಅರಗುತೊಟ್ಟಿ' ಅಂದಿದ್ದೇನೆ. ಅರಗು ಅಂದರೆ ಮೊಹರು ಹಾಕುವ ಅರಗೂ ಹೌದು. ಓದುವಾಗ ತೊಡಕಾಗುತ್ತದೆಯೇ?

ಕರಾವಳಿಯವರು ಮತ್ತು ಇಂಥ ಘಟಕಗಳಲ್ಲಿ ದುಡಿಯುವವರು ಏನನ್ನುತ್ತೀರಿ? ನೀವು ದಿನವೂ ಆಡುವ ಪದವೇ ಬೇರೆ ಇದ್ದರೆ ಅದನ್ನೇ ಬಳಸುತ್ತೇನೆ.