ವಿ.ಆರ್. ಹೆಡ್‌ಸೆಟ್ ಹಾಕಿ ಗಮನ ಅಳೆಯೋ ಟೆಸ್ಟ್ ಮಾಡಿಸ್ಬೇಕಾ?

ಪ್ರಶ್ನೆ: ಮೇಡಂ ನಮಸ್ತೆ, ನನ್ನ ಮಗಂಗೆ ಐದು ವರ್ಷ, ಆಟಿಸಂ ಅಂತ ಹೋದ ವರ್ಷ ಗೊತ್ತಾಯ್ತು. ಈಗ ಥೆರಪಿ ಸೆಂಟರ್‌ನವ್ರು ವಿ.ಆರ್. ಹೆಡ್‌ಸೆಟ್ (ತಲೆಗೆ ಹಾಕ್ಕೊಂಡ್ರೆ ಬೇರೆ ಜಾಗದಲ್ಲೇ ಇರೋ ಹಾಗೆ ದೃಶ್ಯ ತೋರ್ಸೋ ಸಾಧನ) ಹಾಕಿ ಐ ಟ್ರ್ಯಾಕಿಂಗ್, ಅಂದ್ರೆ ಕಣ್ಣು ಎಲ್ಲಿ ನೋಡ್ತಿದೆ ಅಂತ ಗುರುತಿಸೋದು, ಮಾಡಿದ್ರೆ ಗಮನ ಎಷ್ಟಿದೆ ಅಂತ ಪರ್ಸೆಂಟೇಜಲ್ಲಿ ರಿಪೋರ್ಟ್ ಬರತ್ತೆ ಅಂತಿದಾರೆ. ಇವ್ನು ಟೋಪಿ ಹಾಕಿದ್ರೇ ಕಿತ್ತೆಸಿತಾನೆ. ಮಾಡಿಸ್ಲಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಈಗ ಬೇಡಮ್ಮ. ಮೆಟಾ ಕ್ವೆಸ್ಟ್ ಅನ್ನೋ ವಿ.ಆರ್. ಹೆಡ್‌ಸೆಟ್ ಮಾಡೋರೇ 10 ವರ್ಷದೊಳಗಿನ ಮಕ್ಕಳಿಗೆ ಬೇಡ ಅಂತಾರೆ. ಆಮೇಲೆ ಅದು ಕೆಲ್ಸ ಮಾಡೋ ರೀತಿ ನೋಡಿ, ಒಳಗಡೆ ಕಣ್ಣಿಗೆ ಇನ್‌ಫ್ರಾರೆಡ್ ಲೈಟ್ ಬಿಟ್ಟು ಪಾಪೆ ಎಲ್ಲಿದೆ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೆ ಆ ಲೈಟ್ ಎಲ್ಲಿ ಹೊಳೀತಿದೆ ಅಂತ ಕ್ಯಾಮೆರಾದಲ್ಲಿ ಹಿಡಿದು ನೋಟದ ದಿಕ್ಕು ಲೆಕ್ಕ ಹಾಕತ್ತೆ, ಅದಕ್ಕೂ ಮೊದ್ಲು ಮಗು ಒಂದೊಂದೇ ಚುಕ್ಕಿ ನೋಡ್ತಾ ಕ್ಯಾಲಿಬ್ರೇಶನ್, ಅಂದ್ರೆ ಮಿಷಿನ್ನನ್ನ ಅವನ ಕಣ್ಣಿಗೆ ಹೊಂದಿಸೋದು, ಆಗ್ಬೇಕು. ಚಿಕ್ಕ ತಲೇಲಿ ಹೆಡ್‌ಸೆಟ್ ಸ್ವಲ್ಪ ಜಾರಿದ್ರೂ, ಅದ್ರೊಳಗೆ ಕಾಣೋ ಕ್ಲಾಸ್‌ರೂಮಲ್ಲಿ ಟೀಚರ್ ಮುಖ ನೋಡಿದ್ದು ಪಕ್ಕದ ಕಿಟಕಿ ನೋಡಿದ ಹಾಗೆ ದಾಖಲಾಗತ್ತೆ. ಕಿತ್ತೆಸೆದ್ರಂತೂ ಡೇಟಾನೇ ಇಲ್ಲ, ಅದನ್ನ ‘ಗಮನ ಕಮ್ಮಿ’ ಅಂತ ಬರೆದುಬಿಟ್ರೆ ಅನ್ಯಾಯ!

ಇನ್ನೊಂದು, ಕಣ್ಣು ಎಲ್ಲಿತ್ತು ಅಂತಷ್ಟೇ ಮಿಷಿನ್ ಹೇಳತ್ತೆ. ನಮ್ಮಲ್ಲಿ ಎಷ್ಟೋ ಮಕ್ಕಳು ಗೋಡೆ ನೋಡ್ಕೊಂಡೇ ನಾವು ಹೇಳಿದ್ದೆಲ್ಲ ಕೇಳಿಸ್ಕೊಂಡಿರ್ತಾರೆ.

ಪ್ರಶ್ನೆ (ಇನ್ನೊಬ್ಬರು): ಅಮೆರಿಕದಲ್ಲಿ ಐ ಟ್ರ್ಯಾಕಿಂಗಿಗೆ ಸರ್ಕಾರದ ಒಪ್ಪಿಗೆನೇ ಸಿಕ್ಕಿದೆಯಲ್ಲ ಮೇಡಂ?

ಉತ್ತರ: ಹೌದು ಸರ್, ಇಯರ್ಲಿಪಾಯಿಂಟ್ ಅನ್ನೋ, ಐ ಟ್ರ್ಯಾಕಿಂಗಿಂದ ಆಟಿಸಂ ಪತ್ತೆಗೆ ನೆರವಾಗೋ ಸಾಧನಕ್ಕೆ 2022ರಲ್ಲಿ ಎಫ್‌ಡಿಎ (ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ) ಒಪ್ಪಿಗೆ ಕೊಟ್ಟಿತು, ಆದ್ರೆ ಅದ್ರಲ್ಲಿ ಹೆಡ್‌ಸೆಟ್ ಇಲ್ಲ, ಮಗು ಸುಮ್ನೆ ಸ್ಕ್ರೀನಲ್ಲಿ ವಿಡಿಯೋ ನೋಡತ್ತೆ, ಮೊದ್ಲು ಒಪ್ಪಿಗೆ ಸಿಕ್ಕಿದ್ದು 16ರಿಂದ 30 ತಿಂಗಳ ಮಕ್ಕಳಿಗೆ. 2023ರಲ್ಲಿ ಬಂದ 475 ಮಕ್ಕಳ ಅಧ್ಯಯನದಲ್ಲಿ, ತಜ್ಞರು ಆಟಿಸಂ ಅಂದ ಮಕ್ಕಳಲ್ಲಿ ಸುಮಾರು 71 ಪರ್ಸೆಂಟ್‌ನ ಮಾತ್ರ ಅದು ಹಿಡೀತು, ಹಾಗಾಗಿ ಡಾಕ್ಟ್ರಿಗೆ ಸಹಾಯಕ್ಕೆ ಅಷ್ಟೇ. ವಿ.ಆರ್. ದಂಡ ಅಂತಲ್ಲ, ಕ್ಲಾಸ್‌ರೂಮ್ ಥರಾನೇ ತೋರ್ಸಿ ಹೊರಗಡೆ ಗಾಡಿ ಸದ್ದು, ಪಕ್ಕದ ಹುಡುಗನ ಗಲಾಟೆ ಎಲ್ಲಾ ಮಕ್ಕಳಿಗೂ ಒಂದೇ ಅಳತೇಲಿ ಕೊಡ್ಬಹುದು, ತಲೆ ತಿರುಗಿಸಿದ್ದೂ ಸಿಗತ್ತೆ, ರಿಸರ್ಚಿಗೆ ಇದು ನಿಜ್ವಾಗ್ಲೂ ಒಳ್ಳೇದು.

ಪ್ರಶ್ನೆ (ಮೊದಲಿನವರು): ಹಾಗಾದ್ರೆ ಸೆಂಟರ್‌ನವ್ರಿಗೆ ಏನಂತ ಹೇಳ್ಲಿ ಮೇಡಂ, ಬೇಜಾರ್ ಮಾಡ್ಕೋತಾರೆ.

ಉತ್ತರ: ಮಾಡ್ಕೊಳ್ಳಿ ಬಿಡಿ. ಎಷ್ಟು ಡೇಟಾ ಬಿಟ್ಟುಹೋದ್ರೆ ಟೆಸ್ಟ್ ರದ್ದು ಮಾಡ್ತೀರಾ, ಆ ಪರ್ಸೆಂಟೇಜ್ ಯಾವ ವಯಸ್ಸಿನ ಮಕ್ಕಳ ಜೊತೆ ಹೋಲಿಸಿದ್ದು, ರಿಪೋರ್ಟ್ ನೋಡಿ ಥೆರಪೀಲಿ ಏನ್ ಬದಲಾಯಿಸ್ತೀರಾ ಅಂತ ಕೇಳಿ. ಕೊನೇದಕ್ಕೆ ಉತ್ತರ ಬರ್ಲಿಲ್ಲ ಅಂದ್ರೆ ಆ ದುಡ್ಡನ್ನ ಸ್ಪೀಚ್ ಥೆರಪಿಗೆ ಹಾಕಿ.